ತಾತ್ಕಾಲಿಕ ಆಶ್ರಯಕ್ಕೊಂದು ಗಡುವು ಬೇಕು: ಕರ್ನಾಟಕದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

ಕರ್ನಾಟಕದಿಂದ ಲೋಕಸಭೆಗೆ ಆರಿಸಿ ಹೋದ 28 ಮಂದಿಗೂ ರಾಜ್ಯಸಭೆಯ 12 ಮಂದಿಗೂ ಒಟ್ಟಾಗಿ ಈ ಪತ್ರ ಬರೆಯುತ್ತಿದ್ದೇವೆ. ಯುದ್ಧದಿಂದ ತಪ್ಪಿಸಿಕೊಂಡು ಬಂದು, ತಮಿಳುನಾಡಿನ ಶಿಬಿರಗಳಲ್ಲಿ ನಲವತ್ತು ವರ್ಷಗಳಿಂದ ‘ತಾತ್ಕಾಲಿಕ’ವಾಗಿ ಉಳಿದಿರುವ ಶ್ರೀಲಂಕಾ ತಮಿಳರ ವಿಷಯ. ಪಕ್ಕದ ರಾಜ್ಯದ ಸಂಗತಿ ನಮಗೇಕೆ ಎಂದು ದಯವಿಟ್ಟು ಪಕ್ಕಕ್ಕಿಡಬೇಡಿ. ಪೌರತ್ವ ಕೇಂದ್ರ ಪಟ್ಟಿಯಲ್ಲಿರುವ ವಿಷಯ. ಚೆನ್ನೈಯ ಸರ್ಕಾರ ಮನೆ ಕಟ್ಟಿಸಬಹುದು, ಪಡಿತರ ಹಂಚಬಹುದು; ಪೌರತ್ವ ಕೊಡಲಾರದು. ಅದಕ್ಕೆ ಬೇಕಾದ ತಿದ್ದುಪಡಿ ನೀವು ಕೂರುವ ಸದನಗಳಲ್ಲೇ ಆಗಬೇಕು. ಮೇಲಾಗಿ, ಅದೇ ದ್ವೀಪದಿಂದ ಬಂದವರಿಗೆ ಕಾಯಂ ನೆಲೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮದೇ ಸುಳ್ಯ, ಪುತ್ತೂರಿನಲ್ಲಿದೆ.

ಮೊದಲು ಲೆಕ್ಕ. 1983ರ ಜುಲೈಯಲ್ಲಿ ಕೊಲಂಬೊದಲ್ಲಿ ಶುರುವಾದ ತಮಿಳರ ಹತ್ಯಾಕಾಂಡದ ಬೆನ್ನಿಗೇ ರಾಮೇಶ್ವರದ ಕಡೆಗೆ ದೋಣಿಗಳು ಬರತೊಡಗಿದವು. ಅಂದಿನಿಂದ 2012ರ ಆಗಸ್ಟ್‌ವರೆಗೆ ಬಂದವರು 3,04,269 ಮಂದಿ ಎಂದು ಕೇಂದ್ರ ಗೃಹ ಸಚಿವಾಲಯದ ವಾರ್ಷಿಕ ವರದಿಗಳು ಹೇಳುತ್ತವೆ. 1995ರ ಮಾರ್ಚ್‌ವರೆಗೆ 99,469 ಮಂದಿಯನ್ನು ಸರ್ಕಾರವೇ ವಾಪಸ್ ಕಳುಹಿಸಿತು. ಆಮೇಲೆ ಸರ್ಕಾರಿ ವ್ಯವಸ್ಥೆಯ ವಾಪಸಾತಿ ನಡೆದಿಲ್ಲ. ಇನ್ನೆಷ್ಟೋ ಮಂದಿ ತಾವಾಗಿಯೇ ಮರಳಿದರು, ಬೇರೆ ದೇಶಗಳಿಗೆ ಹೋದರು. ಈಗ ಉಳಿದಿರುವವರು ಶಿಬಿರಗಳಲ್ಲಿ ಸುಮಾರು 58 ಸಾವಿರ, ಪೊಲೀಸ್ ಠಾಣೆಗಳಲ್ಲಿ ನೋಂದಾಯಿಸಿಕೊಂಡು ಹೊರಗೆ ಬದುಕುತ್ತಿರುವವರು ಸುಮಾರು 34 ಸಾವಿರ. ಎರಡೂ ಸೇರಿದರೆ ಒಂದು ಲಕ್ಷವೂ ಆಗುವುದಿಲ್ಲ. ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ. ಉಳಿದವರಲ್ಲಿ ದೊಡ್ಡ ಪಾಲು ಇಲ್ಲೇ ಹುಟ್ಟಿ, ಇಲ್ಲೇ ಓದಿ, ಆ ದ್ವೀಪವನ್ನು ಕಣ್ಣಾರೆ ಕಾಣದವರು.

ತಾತ್ಕಾಲಿಕ ಆಶ್ರಯ ತಪ್ಪು ಎಂದು ನಾವು ವಾದಿಸುತ್ತಿಲ್ಲ. ದೋಣಿಯಿಂದ ಇಳಿದವರಿಗೆ ಮೊದಲು ಬೇಕಾದದ್ದು ಊಟ, ಸೂರು, ಮತ್ತೆ ಗುಂಡಿನ ಬಾಯಿಗೆ ದೂಡುವುದಿಲ್ಲವೆಂಬ ಭರವಸೆ. ಅದನ್ನು ಈ ದೇಶ ದೊಡ್ಡ ಮನಸ್ಸಿನಿಂದ ಕೊಟ್ಟಿದೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಬಂದರು; ಬಾಂಗ್ಲಾದೇಶ ಸ್ವತಂತ್ರವಾದ ಕೆಲವೇ ತಿಂಗಳಲ್ಲಿ ಅವರಲ್ಲಿ ಬಹುಪಾಲು ಜನ ತಮ್ಮ ಊರಿಗೆ ಮರಳಿದರು. ಅಲ್ಲಿ ತಾತ್ಕಾಲಿಕ ವ್ಯವಸ್ಥೆ ಫಲಿಸಲು ಕಾರಣಗಳಿದ್ದವು. ಯುದ್ಧ ಒಂಬತ್ತು ತಿಂಗಳಲ್ಲಿ ಮುಗಿಯಿತು, ಓಡಿಸಿದ ಆಡಳಿತವೇ ಹೋಯಿತು, ಹೊಸ ದೇಶ ಬನ್ನಿ ಎಂದಿತು, ಬಿಟ್ಟು ಬಂದ ಗದ್ದೆ ಮನೆಗಳು ಇನ್ನೂ ಇದ್ದವು. ಶ್ರೀಲಂಕಾದ ಯುದ್ಧ 26 ವರ್ಷ ನಡೆಯಿತು. ಅಷ್ಟರಲ್ಲಿ ಮನೆ ಕುಸಿದಿತ್ತು, ಜಮೀನು ಸೇನೆಯ ಬೇಲಿಯೊಳಗೆ ಸೇರಿತ್ತು ಇಲ್ಲವೇ ಬೇರೆಯವರ ಕೈಲಿತ್ತು, ದಾಖಲೆ ಸುಟ್ಟಿತ್ತು, ಮಕ್ಕಳು ತಮಿಳುನಾಡಿನ ಪಠ್ಯದಲ್ಲಿ ಹತ್ತನೇ ತರಗತಿ ಮುಗಿಸಿದ್ದರು. ಮೊದಲ ವರ್ಷಕ್ಕೆ ಮಾಡಿದ ಏರ್ಪಾಡನ್ನೇ ನಲವತ್ತನೇ ವರ್ಷಕ್ಕೂ ಮುಂದುವರಿಸಿದ್ದು ನಮ್ಮ ತಪ್ಪು.

ಆ ಏರ್ಪಾಡು ದಿನನಿತ್ಯ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಿ. ಶಿಬಿರದ ಕುಟುಂಬಕ್ಕೊಂದು ಗುರುತಿನ ಚೀಟಿ. ಸಹಾಯಧನ ಕೊಡುವ ದಿನ ಕಂದಾಯ ಇಲಾಖೆಯವರ, ಕ್ಯೂ ಬ್ರಾಂಚ್ (ತಮಿಳುನಾಡಿನ ಗುಪ್ತಚರ ವಿಭಾಗ) ಪೊಲೀಸರ ಎದುರು ಮನೆಮಂದಿಯೆಲ್ಲ ಖುದ್ದಾಗಿ ಹಾಜರಿರಬೇಕು. ಶಿಬಿರದ ಗಂಡಸರಲ್ಲಿ ತುಂಬ ಜನ ಪೇಂಟಿಂಗ್ ಕೆಲಸದವರು. ದೂರದ ಊರಿನಲ್ಲಿ ಕಟ್ಟಡಕ್ಕೆ ಬಣ್ಣ ಬಳಿಯುತ್ತಿರುವವನು ಅರ್ಧಕ್ಕೆ ಕೆಲಸ ಬಿಟ್ಟು ಬಸ್ಸು ಹತ್ತಬೇಕು. ಹಾಜರಿ ತಪ್ಪಿದರೆ ಹೆಸರು ಪಟ್ಟಿಯಿಂದ ಹೋಗುತ್ತದೆ, ಮತ್ತೆ ಸೇರಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಹಾಗಾಗಿ ಮೇಸ್ತ್ರಿಗಳು ಇವರಿಗೆ ದಿನಗೂಲಿ ಕೊಡುತ್ತಾರೆಯೇ ಹೊರತು ಕಾಯಂ ಕೆಲಸ ಕೊಡುವುದಿಲ್ಲ. ತಮಿಳುನಾಡು ಸರ್ಕಾರ 2021ರಲ್ಲಿ ಸಹಾಯಧನ ಹೆಚ್ಚಿಸಿತು: ಕುಟುಂಬದ ಮುಖ್ಯಸ್ಥರಿಗೆ ತಿಂಗಳಿಗೆ 1,500 ರೂಪಾಯಿ, ಉಳಿದ ವಯಸ್ಕರಿಗೆ 1,000, ಮಕ್ಕಳಿಗೆ 500. ಹತ್ತಡಿ ಹತ್ತಡಿಯ ಹಳೆಯ ಕೋಣೆಗಳ ಜಾಗದಲ್ಲಿ 7,469 ಮನೆ ಕಟ್ಟುವ ಯೋಜನೆಯನ್ನೂ ಘೋಷಿಸಿತು. ಒಳ್ಳೆಯ ಕೆಲಸ, ಮೆಚ್ಚಬೇಕು. ಆದರೆ ಆ ಮನೆಯಲ್ಲಿರುವವರು ಸ್ವಂತ ದುಡ್ಡು ಕೂಡಿಸಿಕೊಂಡರೂ ಹೊರಗೆ ಮೂರು ಸೆಂಟ್ಸ್ ಜಾಗ ಕೊಳ್ಳುವಂತಿಲ್ಲ. ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಶ್ರೀಲಂಕಾ ಪ್ರಜೆಗೆ ರಿಸರ್ವ್ ಬ್ಯಾಂಕಿನ ಮುಂಗಡ ಅನುಮತಿ ಇಲ್ಲದೆ ಇಲ್ಲಿ ಸ್ಥಿರಾಸ್ತಿ ಕೊಳ್ಳಲು ಅವಕಾಶವಿಲ್ಲ. ಐದು ವರ್ಷ ಮೀರದ ಗುತ್ತಿಗೆ ಮಾತ್ರ ಪಡೆಯಬಹುದು. ಸರ್ಕಾರಿ ನೌಕರಿಯ ಅರ್ಜಿಯಲ್ಲಿ ರಾಷ್ಟ್ರೀಯತೆಯ ಕಾಲಂ ತುಂಬುವಾಗಲೇ ಇವರ ಮಕ್ಕಳು ಹೊರಗುಳಿಯುತ್ತಾರೆ. ಓದಿದರೂ ಕೊನೆಗೆ ಬಣ್ಣದ ಡಬ್ಬವೇ ಗತಿ ಎಂದು ಗೊತ್ತಾದ ಹುಡುಗ ಶಾಲೆ ಬಿಟ್ಟರೆ ತಪ್ಪು ಅವನದ್ದಲ್ಲ.

ಇನ್ನು ಕಾನೂನಿನ ಗಂಟು ಎಲ್ಲಿದೆ ಎಂಬುದು. ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಬಿಚ್ಚಬೇಕಾದವರು ನೀವು.

ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೂ 1967ರ ಪ್ರೋಟೊಕಾಲ್‌ಗೂ ಸಹಿ ಹಾಕಿಲ್ಲ. ‘ನಿರಾಶ್ರಿತ’ ಎಂಬ ವರ್ಗವೇ ನಮ್ಮ ಶಾಸನಗಳಲ್ಲಿಲ್ಲ. ಇರುವುದು ಪ್ರಜೆ, ವಿದೇಶಿ, ಅಕ್ರಮ ವಲಸಿಗ. ಪೌರತ್ವ ಕಾಯ್ದೆ, 1955ರ 2(1)(ಬಿ) ಕಲಂ ಪ್ರಕಾರ ಊರ್ಜಿತ ಪಾಸ್‌ಪೋರ್ಟ್ ಅಥವಾ ಪ್ರಯಾಣ ದಾಖಲೆ ಇಲ್ಲದೆ ಒಳಬಂದ ವಿದೇಶಿ ಅಕ್ರಮ ವಲಸಿಗ. 2003ರಲ್ಲಿ ಅಂಗೀಕಾರವಾದ ತಿದ್ದುಪಡಿ 2004ರ ಡಿಸೆಂಬರ್ 3ರಂದು ಜಾರಿಗೆ ಬಂದ ಮೇಲೆ ಈ ಹಣೆಪಟ್ಟಿ ಇದ್ದವರಿಗೆ 5ನೇ ಕಲಮಿನ ನೋಂದಣಿಯ ದಾರಿಯೂ 6ನೇ ಕಲಮಿನ ದೇಶೀಕರಣದ (ದೀರ್ಘ ವಾಸದ ಆಧಾರದ ಮೇಲೆ ಪೌರತ್ವ ಪಡೆಯುವ) ದಾರಿಯೂ ಮುಚ್ಚಿತು. ಶೆಲ್ ಬೀಳುತ್ತಿರುವಾಗ ಮನ್ನಾರಿನ ಕಡಲತೀರದಿಂದ ರಾತ್ರಿ ದೋಣಿ ಹತ್ತಿದವರ ಬಳಿ ಪಾಸ್‌ಪೋರ್ಟ್ ಎಲ್ಲಿಂದ ಬರಬೇಕು? ಅವರನ್ನು ದಡದಿಂದ ಕರೆದೊಯ್ದು ಮಂಡಪಂ ಶಿಬಿರದಲ್ಲಿ ಹೆಸರು ಬರೆಸಿಕೊಂಡವರು ನಮ್ಮದೇ ಅಧಿಕಾರಿಗಳು. ಸರ್ಕಾರವೇ ಒಳಗೆ ಕರೆದು, ನೋಂದಾಯಿಸಿ, ಅನ್ನ ಹಾಕಿ ಸಾಕಿದವರನ್ನು ಸರ್ಕಾರದ್ದೇ ಕಾಯ್ದೆ ಅಕ್ರಮ ಎನ್ನುತ್ತಿದೆ.

ದೇಶೀಕರಣಕ್ಕೆ ಮೂರನೇ ಅನುಸೂಚಿ ಕೇಳುವ ಮುಖ್ಯ ಅರ್ಹತೆಗಳನ್ನು ನೋಡಿ. ಅರ್ಜಿಗೆ ಹಿಂದಿನ 12 ತಿಂಗಳು ನಿರಂತರ ವಾಸ, ಅದಕ್ಕೂ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷ ವಾಸ, ಒಳ್ಳೆಯ ನಡತೆ, ಎಂಟನೇ ಅನುಸೂಚಿಯ ಒಂದು ಭಾಷೆಯ ತಿಳಿವಳಿಕೆ. ವಾಸಕ್ಕೆ ಶಿಬಿರದ ಹಾಜರಿ ಪುಸ್ತಕಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ, ನಡತೆಗೆ ಕ್ಯೂ ಬ್ರಾಂಚ್ ಕಡತವಿದೆ, ತಮಿಳು ಎಂಟನೇ ಅನುಸೂಚಿಯಲ್ಲಿದೆ. ಎಲ್ಲವೂ ಇದ್ದೂ ಅರ್ಜಿ ಬೀಳುವುದು ‘ಅಕ್ರಮ ವಲಸಿಗ’ ಎಂಬ ಒಂದೇ ಒಂದು ಪದಪುಂಜಕ್ಕೆ. ಅರ್ಜಿ ಬರೆಯಲು ಕೂತರೂ ಪಾಸ್‌ಪೋರ್ಟಿನ ಸಂಖ್ಯೆ ಎಲ್ಲಿ, ವಾಸದ ಪರವಾನಗಿ ಎಲ್ಲಿ ಎಂಬಲ್ಲಿಗೇ ಲೇಖನಿ ನಿಲ್ಲುತ್ತದೆ.

ಇದರ ಅತ್ಯಂತ ಕ್ರೂರ ಪರಿಣಾಮ ಮಕ್ಕಳ ಮೇಲೆ. ಈ ಕಾಯ್ದೆಯ 3ನೇ ಕಲಮಿನಲ್ಲಿ ಮೂರು ಕಾಲಘಟ್ಟಗಳಿವೆ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ಪ್ರಜೆಗಳು. ಅಲ್ಲಿಂದ 2004ರ ಡಿಸೆಂಬರ್ 3ರೊಳಗೆ ಹುಟ್ಟಿದವರಿಗೆ ತಂದೆತಾಯಿಯಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. ಆಮೇಲೆ ಹುಟ್ಟಿದವರಿಗೆ ಒಬ್ಬರು ಪ್ರಜೆಯಾಗಿದ್ದರೆ ಸಾಲದು, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಮಧುರೈಯ ಹೆಣ್ಣುಮಗಳೊಬ್ಬಳು ಶಿಬಿರದ ಹುಡುಗನನ್ನು ಮದುವೆಯಾದಳೆನ್ನಿ. ಆಕೆ ಭಾರತದ ಪ್ರಜೆ, ಮತದಾರಳು. 2010ರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಆಕೆ ಹೆತ್ತ ಮಗು ಕಾನೂನಿನ ಪ್ರಕಾರ ಭಾರತೀಯನಲ್ಲ. ಅತ್ತ ಶ್ರೀಲಂಕಾ ಕಾನೂನಿನಲ್ಲಿ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಪೌರತ್ವ ಸಿಗಬೇಕಾದರೆ ಒಂದು ವರ್ಷದೊಳಗೆ, ಇಲ್ಲವೇ ಆಮೇಲೆ ವಿಶೇಷ ಅನುಮತಿ ಪಡೆದು, ದೂತಾವಾಸದಲ್ಲಿ ನೋಂದಾಯಿಸಬೇಕು. ಅದಕ್ಕೆ ತಂದೆ ಅಥವಾ ತಾಯಿಯ ಶ್ರೀಲಂಕಾ ದಾಖಲೆ ಬೇಕು, ಅದು ಯುದ್ಧದಲ್ಲಿ ಕಳೆದುಹೋಗಿದೆ. ಹೀಗೆ ಎರಡು ದೇಶಗಳ ನಡುವೆ ಮಗು ಯಾವ ದೇಶಕ್ಕೂ ಸೇರದೆ ಉಳಿಯುತ್ತದೆ.

2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. ಅದರಡಿ ಹೊರಡಿಸಿದ ವಿನಾಯಿತಿ ಆದೇಶದಲ್ಲಿ, 2015ರ ಜನವರಿ 9ರವರೆಗೆ ಭಾರತದಲ್ಲಿ ಆಶ್ರಯ ಪಡೆದ ನೋಂದಾಯಿತ ಶ್ರೀಲಂಕಾ ತಮಿಳರಿಗೆ ಪಾಸ್‌ಪೋರ್ಟ್, ವೀಸಾ ಇಲ್ಲದ್ದಕ್ಕೆ ಕ್ರಮದಿಂದ ವಿನಾಯಿತಿ ಸಿಕ್ಕಿದೆ. ಇದನ್ನು ಸ್ವಾಗತಿಸುತ್ತೇವೆ. ಆದರೆ ಪತ್ರಿಕೆಗಳಲ್ಲಿ ಓದಿದ ಎಷ್ಟೋ ಜನ ‘ಸಮಸ್ಯೆ ಬಗೆಹರಿಯಿತು’ ಎಂದುಕೊಂಡಿದ್ದಾರೆ. ಬಗೆಹರಿದಿಲ್ಲ. ಆ ಆದೇಶ ಜೈಲಿನ ಭಯ ತಪ್ಪಿಸುತ್ತದೆ, ಪೌರತ್ವ ಕಾಯ್ದೆಯ ವ್ಯಾಖ್ಯೆಯನ್ನು ಮುಟ್ಟುವುದಿಲ್ಲ. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಗಾನಿಸ್ತಾನಗಳಿಂದ ಬಂದ ಅಲ್ಪಸಂಖ್ಯಾತರ ವಿಷಯದಲ್ಲಿ ಸರ್ಕಾರ ಎರಡೂ ಹೆಜ್ಜೆ ಇಟ್ಟಿತ್ತು: 2015, 2016ರಲ್ಲಿ ಪ್ರವೇಶದ ವಿನಾಯಿತಿ, 2019ರಲ್ಲಿ ಪೌರತ್ವ ಕಾಯ್ದೆಗೆ ತಿದ್ದುಪಡಿ. ಶ್ರೀಲಂಕಾ ತಮಿಳರ ವಿಷಯದಲ್ಲಿ ಮೊದಲ ಹೆಜ್ಜೆಗೇ ನಿಂತಿದೆ.

ಈಗ ಸುಳ್ಯಕ್ಕೆ ಬನ್ನಿ. 1948ರ ಸಿಲೋನ್ ಪೌರತ್ವ ಕಾಯ್ದೆ ಬೆಟ್ಟದ ಚಹಾತೋಟಗಳ ಭಾರತ ಮೂಲದ ತಮಿಳರನ್ನು ದೇಶವಿಲ್ಲದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹದ್ದೂರ್ ಶಾಸ್ತ್ರಿ, ಸಿರಿಮಾವೊ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದದಲ್ಲಿ ಆ 9,75,000 ಜನರ ಪೈಕಿ 5,25,000 ಮಂದಿಯನ್ನು ಭಾರತಕ್ಕೂ 3,00,000 ಮಂದಿಯನ್ನು ಶ್ರೀಲಂಕಾಗೂ ಹಂಚಲಾಯಿತು. ಉಳಿದ 1,50,000 ಮಂದಿಯನ್ನು 1974ರಲ್ಲಿ ಸಮಪಾಲು ಮಾಡಿಕೊಂಡರು. ಭಾರತದ ಪಾಲಿಗೆ ಬಂದವರಲ್ಲಿ ಕೆಲವು ಕುಟುಂಬಗಳನ್ನು ದಕ್ಷಿಣ ಕನ್ನಡಕ್ಕೆ ಕರೆತಂದು, ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸವನ್ನೂ ವಾಸಕ್ಕೆ ಮನೆಯನ್ನೂ ಕೊಡಲಾಯಿತು. ಅವರ ಕೈಯಲ್ಲಿ ಪೌರತ್ವದ ಕಾಗದವಿತ್ತು. ಬೆಳಕು ಹರಿಯುವ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗಿ ತೊಗಟೆ ಗೀರುವ ಆ ಕೆಲಸ ಸುಲಭದ್ದಲ್ಲ. ಅವರ ಬದುಕೂ ಸುಖದ ಸುಪ್ಪತ್ತಿಗೆಯಾಗಿರಲಿಲ್ಲ. ಜಾತಿ ಪ್ರಮಾಣಪತ್ರಕ್ಕಾಗಿ ವರ್ಷಗಟ್ಟಲೆ ಅಲೆದಿದ್ದಾರೆ, ನಿಗಮದ ಕೆಲಸ ಬಿಟ್ಟರೆ ಮನೆಯೂ ಹೋಗುತ್ತದೆಂಬ ಚಿಂತೆ ಇದೆ. ಆದರೆ ಅವರು ಮತ ಹಾಕುತ್ತಾರೆ, ಸಂಘ ಕಟ್ಟುತ್ತಾರೆ, ಕೂಲಿಗಾಗಿ ಮುಷ್ಕರ ಹೂಡುತ್ತಾರೆ. ಮಕ್ಕಳು ಕನ್ನಡ ಶಾಲೆಗೆ ಹೋಗಿ ತುಳುವನ್ನೂ ಕಲಿತು ಬೇರೆ ಬೇರೆ ಕೆಲಸ ಹಿಡಿದಿದ್ದಾರೆ. ಅವರ ಅಹವಾಲು ಪ್ರಜೆಗಳ ಅಹವಾಲು. ಅದನ್ನು ಕೇಳುವ ಶಾಸಕರಿದ್ದಾರೆ.

ಶ್ರೀಲಂಕಾದ ಚಹಾತೋಟಗಳಲ್ಲೇ ಉಳಿದುಹೋದ ಇವರ ಅಣ್ಣತಮ್ಮಂದಿರ ಗತಿ ಬೇರೆಯಾಯಿತು. ತಲೈಮನ್ನಾರ್–ರಾಮೇಶ್ವರ ಹಡಗು 1984ರಲ್ಲಿ ನಿಂತಿತು. ಒಪ್ಪಂದದಡಿ ಅರ್ಜಿ ಹಾಕಿ ಸರದಿಗೆ ಕಾಯುತ್ತಿದ್ದವರೂ ಗಲಭೆಗೆ ಸಿಕ್ಕಿ ಕಳ್ಳದೋಣಿಯಲ್ಲಿ ಬಂದರು. ಹಡಗಿನಲ್ಲಿ ಬಂದವರು ಪ್ರಜೆಗಳಾದರು, ದೋಣಿಯಲ್ಲಿ ಬಂದವರು ಅಕ್ರಮ ವಲಸಿಗರಾದರು. ಕೊಟ್ಟಪಟ್ಟು, ಮಂಡಪಂ ಶಿಬಿರಗಳ ಇಂಥ 65 ಮಂದಿ ಕೋರ್ಟಿಗೆ ಹೋದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠದ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ 2019ರ ಜೂನ್ 17ರಂದು, ಇವರ ಪೌರತ್ವದ ಕೋರಿಕೆಯನ್ನು ಕೇಂದ್ರ ಪರಿಗಣಿಸಬೇಕೆಂದು ನಿರ್ದೇಶಿಸಿದರು. 5(1)(ಎ) ಕಲಂ ‘ಭಾರತ ಮೂಲದವರಿಗೆ’ ಏಳು ವರ್ಷದ ವಾಸದ ಮೇಲೆ ನೋಂದಣಿ ಕೊಡುತ್ತದಾದರೂ, ಅಲ್ಲಿ ಮೂಲ ಎಂದರೆ ತಾನು ಅಥವಾ ತಂದೆತಾಯಿಯಲ್ಲೊಬ್ಬರು ಅವಿಭಜಿತ ಭಾರತದಲ್ಲಿ ಹುಟ್ಟಿರಬೇಕು. ಅಜ್ಜ ತಿರುಚ್ಚಿಯಲ್ಲಿ ಹುಟ್ಟಿ, ಅಪ್ಪ ಶ್ರೀಲಂಕಾದ ಹ್ಯಾಟನ್‌ನಲ್ಲಿ ಹುಟ್ಟಿದ್ದರೆ ಮೊಮ್ಮಗನಿಗೆ ಆ ಬಾಗಿಲೂ ಇಲ್ಲ.

ಬೈಲಕುಪ್ಪೆಯ ಟಿಬೆಟನ್ನರನ್ನೂ ಸಿಂಧನೂರಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪ್‌ಗಳ ಬಂಗಾಳಿಗಳನ್ನೂ ನೀವು ಬಲ್ಲಿರಿ. ಜಮೀನು ಕೊಟ್ಟು ಕಾಗದ ಕೊಡದೆ ಬಿಟ್ಟರೆ ಮೂರನೇ ತಲೆಮಾರಿನಲ್ಲೂ ಕೋರ್ಟು ಕಚೇರಿ ತಪ್ಪುವುದಿಲ್ಲ ಎಂಬುದನ್ನು ಈ ರಾಜ್ಯ ಕಂಡಿದೆ; 1950–1987ರ ನಡುವೆ ಇಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದ ಪ್ರಜೆಗಳೆಂಬುದನ್ನು ಒಪ್ಪಿಸಲೂ ದೆಹಲಿ, ಕರ್ನಾಟಕ ಹೈಕೋರ್ಟುಗಳಿಗೆ ಹೋಗಬೇಕಾಯಿತು.

ಹೊರದೇಶಗಳ ಅನುಭವವೂ ಇದೇ. ಆಸ್ಟ್ರೇಲಿಯಾ 1999ರಲ್ಲಿ ದೋಣಿಯಲ್ಲಿ ಬಂದವರಿಗೆ ಮೂರು ವರ್ಷದ ತಾತ್ಕಾಲಿಕ ವೀಸಾ ತಂದಿತು. ಅದನ್ನು ಹಿಡಿದವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಂತಿರಲಿಲ್ಲ. ಕಾನೂನಿನ ದಾರಿ ಇಲ್ಲವಾದ್ದರಿಂದ ಹೆಂಗಸರು ಮಕ್ಕಳೇ ದೋಣಿ ಹತ್ತಿದರು. ಇಂಡೊನೇಷ್ಯಾದಿಂದ ಹೊರಟ ಒಂದು ದೋಣಿ 2001ರ ಅಕ್ಟೋಬರ್ 19ರಂದು ಮುಳುಗಿ 353 ಮಂದಿ ಸತ್ತರು, ಹೆಚ್ಚಿನವರು ಹೆಂಗಸರು, ಮಕ್ಕಳು. 2008ರಲ್ಲಿ ಆ ವೀಸಾ ರದ್ದಾಯಿತು, 2014ರಲ್ಲಿ ಮತ್ತೆ ಬಂತು, 2023ರ ಫೆಬ್ರವರಿಯಲ್ಲಿ ಸುಮಾರು 19 ಸಾವಿರ ಜನರಿಗೆ ಕಾಯಂ ವೀಸಾದ ದಾರಿ ತೆರೆಯಲಾಯಿತು. ಬಡ ದೇಶ ತಾನ್ಜಾನಿಯಾ 1972ರಲ್ಲಿ ಬುರುಂಡಿಯಿಂದ ಓಡಿಬಂದವರ ಪೈಕಿ ಸುಮಾರು 1,62,000 ಮಂದಿಗೆ ಪೌರತ್ವ ಕೊಟ್ಟಿತು. ಅವರ ಮುಂದೆ ಎರಡು ಆಯ್ಕೆ ಇಟ್ಟಿತ್ತು: ಮರಳುವುದು ಅಥವಾ ಪ್ರಜೆಯಾಗುವುದು. ನಮ್ಮಲ್ಲಿರುವ ಸಂಖ್ಯೆ ಅದಕ್ಕಿಂತ ಕಡಿಮೆ. ಯುರೋಪಿನ ಒಕ್ಕೂಟ ಉಕ್ರೇನಿನವರಿಗೆ 2022ರ ಮಾರ್ಚ್ 4ರಂದು ತಾತ್ಕಾಲಿಕ ರಕ್ಷಣೆ ಘೋಷಿಸಿತು. ಮೊದಲ ದಿನದಿಂದ ಕೆಲಸ, ಶಾಲೆ, ಆಸ್ಪತ್ರೆ ಕೊಟ್ಟದ್ದು ಅದರ ಗುಣ. ಮೂರು ವರ್ಷದ ಮಿತಿಗೆಂದು ಬರೆದ ನಿಯಮವನ್ನು 2027ರ ಮಾರ್ಚ್‌ವರೆಗೆ ಎಳೆದು, ಆಮೇಲೇನು ಎಂಬುದಕ್ಕೆ ಇನ್ನೂ ಗಟ್ಟಿ ಉತ್ತರವಿಲ್ಲದಿರುವುದು ಅದರ ದೋಷ.

ಆದ್ದರಿಂದ ನಿಮ್ಮಿಂದ ಕೇಳುವುದು ಇವು.

ಮೊದಲನೆಯದಕ್ಕೆ ತಿದ್ದುಪಡಿಯೇ ಬೇಕಿಲ್ಲ. 1987ರ ಜುಲೈ 1ಕ್ಕೆ ಮೊದಲು ಇಲ್ಲಿ ಹುಟ್ಟಿದ ಶಿಬಿರವಾಸಿಗಳು ಈಗಾಗಲೇ ಪ್ರಜೆಗಳು. ಮಂಡಪಂನಲ್ಲಿ 1986ರಲ್ಲಿ ಹುಟ್ಟಿದ ಮಹಿಳೆಯೊಬ್ಬರಿಗೆ ಪಾಸ್‌ಪೋರ್ಟ್ ಕೊಡಲು 2022ರಲ್ಲಿ ಹೈಕೋರ್ಟ್ ಹೇಳಿತು. ಅವರು 2024ರ ಲೋಕಸಭಾ ಚುನಾವಣೆಯಲ್ಲಿ ಮತ ಹಾಕಿದರು. ಒಬ್ಬೊಬ್ಬರೂ ಕೋರ್ಟಿಗೆ ಹೋಗುವ ಬದಲು ಗೃಹ ಸಚಿವಾಲಯ ಒಂದು ಸುತ್ತೋಲೆ ಹೊರಡಿಸಲಿ. ಇಲ್ಲಿ ಎಡವುವುದು ಜನನ ಪ್ರಮಾಣಪತ್ರ. ಒಂದು ವರ್ಷ ಮೀರಿದ ನೋಂದಣಿಗೆ 1969ರ ಜನನ ಮರಣ ನೋಂದಣಿ ಕಾಯ್ದೆಯ 13ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮಂಡಪಂ ನೋಂದಣಿ ಪುಸ್ತಕ, ಆಸ್ಪತ್ರೆಯ ಹೆರಿಗೆ ದಾಖಲೆ, ಶಾಲೆಯ ವರ್ಗಾವಣೆ ಪತ್ರ ಇವುಗಳಲ್ಲಿ ಎರಡಿದ್ದರೆ ಸಾಕೆಂದು ನಿಗದಿ ಮಾಡಿ, ಶಿಬಿರಗಳಲ್ಲೇ ಅದಾಲತ್ ನಡೆಸಬಹುದು.

ಎರಡನೆಯದು ಪೌರತ್ವ ಕಾಯ್ದೆಯ 2(1)(ಬಿ) ಕಲಮಿಗೆ ಒಂದು ಪರಂತುಕ, ಅಂದರೆ ವಿನಾಯಿತಿಯ ವಾಕ್ಯ: ‘2015ರ ಜನವರಿ 9ರಂದು ಅಥವಾ ಅದಕ್ಕೆ ಮೊದಲು ಭಾರತದಲ್ಲಿ ಆಶ್ರಯ ಪಡೆದು ನೋಂದಣಿಯಾದ ಶ್ರೀಲಂಕಾ ತಮಿಳರನ್ನು, ಅವರು ಪ್ರವೇಶಿಸಿದ ದಿನದಿಂದಲೇ, ಈ ಅಧಿನಿಯಮದ ಉದ್ದೇಶಕ್ಕಾಗಿ ಅಕ್ರಮ ವಲಸಿಗರೆಂದು ಪರಿಗಣಿಸತಕ್ಕದ್ದಲ್ಲ.’ ದಿನಾಂಕ ಸರ್ಕಾರದ್ದೇ. ‘ಪ್ರವೇಶಿಸಿದ ದಿನದಿಂದಲೇ’ ಎಂಬ ಮಾತು ಬಿಟ್ಟರೆ 2004ರ ನಂತರ ಭಾರತೀಯ ತಾಯಿಗೆ ಹುಟ್ಟಿದ ಮಕ್ಕಳು ಮತ್ತೆ ಹೊರಗುಳಿಯುತ್ತಾರೆ. ದಯವಿಟ್ಟು ಕರಡಿನಲ್ಲಿ ಅದನ್ನು ಬಿಡಬೇಡಿ.

ಮೂರನೆಯದು, ಮುಂದೆ ಯಾವ ದೇಶದಿಂದ ಯಾರೇ ಬಂದರೂ ಅನ್ವಯಿಸುವ ಗಡುವು. ಬಂದ 30 ದಿನದೊಳಗೆ ನೋಂದಣಿ. ಅಲ್ಲಿಂದ ಎರಡು ವರ್ಷದ ರಕ್ಷಣಾ ಪತ್ರ, ಅದರಲ್ಲೇ ಕೆಲಸದ, ಓಡಾಟದ, ಬ್ಯಾಂಕ್ ಖಾತೆಯ ಹಕ್ಕು. ಎರಡು ವರ್ಷಕ್ಕೊಮ್ಮೆ ಪರಿಶೀಲನೆ. ಐದು ವರ್ಷ ಕಳೆದರೂ ಮರಳುವ ಪರಿಸ್ಥಿತಿ ಇಲ್ಲದಿದ್ದರೆ ದೀರ್ಘಾವಧಿ ವೀಸಾ ತಾನಾಗಿಯೇ ಸಿಗಬೇಕು, 12 ವರ್ಷಕ್ಕೆ ದೇಶೀಕರಣದ ಅರ್ಜಿ ಹಾಕಲು ಅಡ್ಡಿ ಇರಬಾರದು. 2022ರಲ್ಲಿ ಶ್ರೀಲಂಕಾದ ಆರ್ಥಿಕ ಕುಸಿತದಿಂದ ಧನುಷ್ಕೋಟಿಗೆ ಬಂದಿಳಿದ ಕುಟುಂಬಗಳ ಬಗ್ಗೆ ಇವತ್ತಿಗೂ ಸ್ಪಷ್ಟ ನಿಯಮವಿಲ್ಲ. ಅವರ ಮಕ್ಕಳೂ ನಲವತ್ತು ವರ್ಷ ಕಾಯಬಾರದು.

ಮರಳಲು ಬಯಸುವವರೂ ಇದ್ದಾರೆ, ಮುಖ್ಯವಾಗಿ ವಯಸ್ಸಾದವರು. ಅವರನ್ನು ಹಿಡಿದಿಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ದಾರಿ ಸಲೀಸಾಗಿಲ್ಲ: 2025ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ನೆರವಿನಲ್ಲೇ ಮರಳಿದ ವೃದ್ಧರೊಬ್ಬರನ್ನು, ಹಿಂದೆ ಪಾಸ್‌ಪೋರ್ಟ್ ಇಲ್ಲದೆ ದೇಶ ಬಿಟ್ಟಿದ್ದಕ್ಕೆ, ಜಾಫ್ನಾದ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಮರಳುವವರ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂಬ ಲಿಖಿತ ಭರವಸೆಯನ್ನು ಕೊಲಂಬೊದಿಂದ ಪಡೆಯುವುದು ವಿದೇಶಾಂಗ ಸಚಿವಾಲಯದ ಕೆಲಸ. ಪೌರತ್ವ, ದೀರ್ಘಾವಧಿ ವೀಸಾ, ವಾಪಸಾತಿ, ಈ ಮೂರರಲ್ಲಿ ಒಂದನ್ನು ಪ್ರತಿಯೊಬ್ಬ ವಯಸ್ಕರೂ, ಹೆಂಗಸರು ಗಂಡನ ಸಹಿಗೆ ಕಾಯದೆ, ತಮ್ಮ ಕೈಯಿಂದ ಬರೆದುಕೊಡುವಂತಾಗಲಿ.

ಭದ್ರತೆಯ ಪ್ರಶ್ನೆ ಬರುತ್ತದೆ. ರಾಜೀವ್ ಗಾಂಧಿಯವರ ಹತ್ಯೆಯ ಗಾಯವನ್ನು ಯಾರೂ ಮರೆತಿಲ್ಲ, ಮರೆಯಲೂ ಬಾರದು. ಅದಾದ ಮೇಲೆ ಇಷ್ಟೂ ವರ್ಷ ಈ ಕುಟುಂಬಗಳ ಹಾಜರಿಯನ್ನು ಪೊಲೀಸರೇ ತೆಗೆದುಕೊಂಡಿದ್ದಾರೆ. ಅಷ್ಟು ಪರಿಶೀಲನೆಗೆ ಒಳಗಾದ ಸಮುದಾಯಗಳು ದೇಶದಲ್ಲಿ ವಿರಳ. ಅಪರಾಧ ಸಾಬೀತಾದವರ ಅರ್ಜಿಯನ್ನು ನಡತೆಯ ಷರತ್ತಿನಡಿ ತಳ್ಳಿಹಾಕಲು ಈಗಿರುವ ಕಾನೂನೇ ಸಾಕು. ಒಬ್ಬರಿಗೆ ಕೊಟ್ಟರೆ ಇನ್ನಷ್ಟು ಜನ ಬರುತ್ತಾರೆಂಬ ಮಾತಿಗೆ ಉತ್ತರ ಆ 2015ರ ದಿನಾಂಕದಲ್ಲೇ ಇದೆ.

ಮುಂದಿನ ಅಧಿವೇಶನದಲ್ಲಿ ನಿಮ್ಮಲ್ಲೊಬ್ಬರು ಗೃಹ ಸಚಿವರಿಗೆ ಚುಕ್ಕೆರಹಿತ (ಲಿಖಿತ ಉತ್ತರದ) ಪ್ರಶ್ನೆಯೊಂದನ್ನು ಕೇಳಿ: ಶಿಬಿರಗಳಲ್ಲಿ ಭಾರತದಲ್ಲೇ ಹುಟ್ಟಿದವರೆಷ್ಟು, ಅವರಲ್ಲಿ 1987ರ ಜುಲೈ 1ಕ್ಕೆ ಮೊದಲು ಹುಟ್ಟಿದವರೆಷ್ಟು, ತಂದೆ ಅಥವಾ ತಾಯಿ ಭಾರತದ ಪ್ರಜೆಯಾಗಿರುವ ಮಕ್ಕಳೆಷ್ಟು, ಭಾರತ ಮೂಲದ ಬೆಟ್ಟದ ತಮಿಳರೆಷ್ಟು, 2019ರ ತೀರ್ಪಿನ ನಂತರ ಬಂದ ಅರ್ಜಿಗಳ ಗತಿ ಏನು. ಪ್ರಶ್ನೆಗೆ 15 ದಿನ ಮೊದಲು ನೋಟಿಸ್ ಬೇಕು, ಖಾಸಗಿ ಸದಸ್ಯರ ಮಸೂದೆಗೆ ಒಂದು ತಿಂಗಳು. ಪ್ರಶ್ನೆಯ ಕರಡು, ಪರಂತುಕದ ಕರಡು, ಹೈಕೋರ್ಟ್ ತೀರ್ಪುಗಳ ಪ್ರತಿ ಮೂರೂ ಸಿದ್ಧವಿವೆ. ನಿಮ್ಮ ಕಚೇರಿ ಕೇಳಿದ ದಿನವೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ತಲುಪಿಸುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ನಿರಾಶ್ರಿತರ ಹಾಗೂ ಪೌರತ್ವ ಕಾನೂನಿನ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವ ಕನ್ನಡಿಗರು